ದೋಣಿಗೆ ಕೌದಿ ಹೊದಿಸಬೇಡಿ

ಟೈಟಾನಿಕ್ ಹಡಗಿನ ಮಾದರಿ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ‘ಸಾರ್, ಜೀವರಕ್ಷಕ ದೋಣಿಗಳ ಕ್ಯಾನ್‌ವಾಸ್ ಹೊದಿಕೆಗೆ ಏನು ಬಳಸಲಿ?’ ಎಂದು ಕೇಳಿದಳು. ‘ಬಟ್ಟೆಯನ್ನೇ ಅಂಟಿಸಮ್ಮ, ನಿಜವಾಗಿ ಕಾಣುತ್ತೆ’ ಎಂದುಬಿಟ್ಟೆ. ಪಾಪ, ಕರವಸ್ತ್ರ ಕತ್ತರಿಸಿ ಹದಿನಾಲ್ಕು ದೋಣಿಗಳಿಗೂ ಅಂಟಿಸಿದಳು. ನೋಡಿದರೆ ಎಲ್ಲ ದೋಣಿಗಳೂ ಕೌದಿ ಹೊದ್ದು ಮಲಗಿದಂತಿದ್ದವು! ತಪ್ಪು ನನ್ನದೇ. ವಿಜ್ಞಾನದ ಮೇಷ್ಟ್ರು ಮೊದಲು ಲೆಕ್ಕ ಹಾಕಬೇಕಿತ್ತು.

ಅವಳ ಮಾದರಿ ನಿಜದ ಹಡಗಿನ 200ರಲ್ಲಿ ಒಂದು ಪಾಲು. 30 ಅಡಿಯ ದೋಣಿ ಅಲ್ಲಿ ಬರೀ 4.6 ಸೆಂಟಿಮೀಟರ್. ಕರವಸ್ತ್ರದ ದಪ್ಪ ಸುಮಾರು ಕಾಲು ಮಿಲಿಮೀಟರ್ ಎನ್ನಿ. 200ರಿಂದ ಗುಣಿಸಿದರೆ 5 ಸೆಂಟಿಮೀಟರ್! ಅಷ್ಟು ದಪ್ಪದ ಕ್ಯಾನ್‌ವಾಸ್ ಎಲ್ಲಾದರೂ ಉಂಟೇ? ದಪ್ಪವಷ್ಟೇ ಅಲ್ಲ, ಬಿಗುವೂ ತೊಂದರೆಯೇ. ದೋಣಿ ಚಿಕ್ಕದಾಯಿತೆಂದು ಬಟ್ಟೆ ಹೆಚ್ಚು ಮೆದುವಾಗಿ ಮಡಿಯುವುದಿಲ್ಲ. ಅದರ ಅರ್ಧ ಸೆಂಟಿಮೀಟರ್ ನೆರಿಗೆ ನಿಜದ ದೋಣಿಯಲ್ಲಿ ಒಂದು ಮೀಟರ್ ಆದೀತು.

ಹೊಸ ಶೂ ಡಬ್ಬಿಯಲ್ಲಿ ಸುತ್ತಿಟ್ಟಿರುತ್ತಾರಲ್ಲ, ಆ ತೆಳು ಕಾಗದ ತನ್ನಿ. ಅದೂ ಲೆಕ್ಕಕ್ಕೆ ತುಸು ದಪ್ಪವೇ, ಆದರೆ ಕಣ್ಣು ಒಪ್ಪುತ್ತದೆ. ಮೊದಲು ದೋಣಿಯ ನಡುವೆ ಉದ್ದಕ್ಕೂ ಊದುಬತ್ತಿ ಕಡ್ಡಿಯ ಸೀಳೊಂದನ್ನು ತುಸು ಎತ್ತರದಲ್ಲಿ ಅಂಟಿಸಿ. ಹೊದಿಕೆ ಮನೆಯ ಮಾಡಿನಂತೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮಳೆ ನೀರು ನಿಲ್ಲುವುದಿಲ್ಲವೇ? ಕಾಗದವನ್ನು ಒಣಗಿದ್ದಾಗಲೇ ಹಾಸಿ, ಸಮಪಾಲು ನೀರು ಬೆರೆಸಿದ ಫೆವಿಕಾಲನ್ನು ಮೆತ್ತನೆಯ ಬ್ರಷ್‌ನಿಂದ ಮೇಲೆ ಸವರಿ. ಉಜ್ಜಿದರೆ ಹರಿದೀತು. ಒದ್ದೆಯಾದೊಡನೆ ಕಾಗದ ಸುಕ್ಕಾಗುತ್ತದೆ, ಗಾಬರಿ ಬೇಡ. ಅಂಚುಗಳನ್ನು ಮೆಲ್ಲಗೆ ಕೆಳಗೆಳೆದು ಬಿಡಿ. ನೀರು ಆರುತ್ತ ನಾರುಗಳು ಕುಗ್ಗಿ ಕಾಗದ ತಾನೇ ಬಿಗಿಯುತ್ತದೆ. ಅರ್ಧ ಆರಿದಾಗ ಹಗ್ಗ ಕಟ್ಟುವ ಜಾಗಗಳ ನಡುವೆ ಬೆರಳಿನಿಂದ ತುಸು ಒತ್ತಿದರೆ ಜೋತುಬಿದ್ದ ಬಟ್ಟೆಯೇ ಸರಿ.

ಮಾರನೆಯ ದಿನ ಬ್ಲೇಡಿನಿಂದ ಅಂಚು ಕತ್ತರಿಸಿ. ಹಗ್ಗಕ್ಕೆ ಹೊಲಿಗೆ ದಾರದ ಒಂದೇ ಎಳೆ ಸಾಕು. ಫೆವಿಕಾಲ್‌ನಲ್ಲಿ ಎಳೆದರೆ ಜುಂಗು ಏಳದು. ಅಚ್ಚ ಬಿಳಿ ಬಣ್ಣ ಬೇಡ, ಕೋರಾ ಬಟ್ಟೆಯ ಬಣ್ಣವಿರಲಿ. ಬ್ರಷ್ ಹೆಚ್ಚು ಒದ್ದೆಯಾದರೆ ಒಣಗಿದ ಅಂಟೂ ಮೆತ್ತಗಾದೀತು, ಎಚ್ಚರ.

ಆ ಹುಡುಗಿ ಹದಿನಾಲ್ಕನ್ನೂ ಕಿತ್ತು ಮತ್ತೆ ಮಾಡಿದಳು. ‘ಉಳಿದವಕ್ಕೂ ಹೊದಿಸಲಾ ಸಾರ್?’ ಎಂದಳು. ಈ ಸಲ ಓದಿಕೊಂಡೇ ಉತ್ತರಿಸಿದೆ. 1912ರಲ್ಲಿ ಆ ಹಡಗಿನಲ್ಲಿದ್ದ ದೋಣಿಗಳು ಒಟ್ಟು 20. ಅವುಗಳಲ್ಲಿ ಮುಂದಿನ ಎರಡು ಚಿಕ್ಕವು ತುರ್ತಿನವು. ಯಾರಾದರೂ ನೀರಿಗೆ ಬಿದ್ದರೆ ತಕ್ಷಣ ಇಳಿಸಲೆಂದು ಸದಾ ಹೊರಕ್ಕೆ ತೂಗುಹಾಕಿರುತ್ತಿದ್ದರು. ಅವೆರಡನ್ನು ತೆರೆದೇ ಬಿಡು ಎಂದೆ.