ತಕ್ಕಡಿಯೊಂದೇ ಸಾಲದು

ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದರ ಖ್ಯಾತಿಯೆಲ್ಲ ಗಾಢವಾದ ಕೆಂಪು ಬಣ್ಣದಿಂದ ಬಂದುದು, ಖಾರವಾದರೋ ಅಲ್ಪವೇ. ಅಂತಹ ಕಾಯಿಯ ಗುಣವನ್ನು ಅರಿಯುವ ಬಗೆ ಹೇಗೆ? ತಕ್ಕಡಿಯಲ್ಲಿಟ್ಟರೆ ತೂಕ ತಿಳಿದೀತು, ಬಣ್ಣ ತಿಳಿಯದು. ಬಣ್ಣಕ್ಕಾಗಿ ಕಾಯಿಯ ಸಾರವನ್ನು ದ್ರಾವಕದಲ್ಲಿ ತೆಗೆದು, ಅದು ಎಷ್ಟು ಬೆಳಕನ್ನು ಹೀರಿಕೊಳ್ಳುವುದೆಂದು ನೋಡಬೇಕು. ಖಾರಕ್ಕಾಗಿ ಅದರಲ್ಲಿರುವ ಕ್ಯಾಪ್ಸೈಸಿನ್ ಮೊದಲಾದ ವಸ್ತುಗಳ ಪ್ರಮಾಣವನ್ನು ಕಂಡುಹಿಡಿಯಬೇಕು. ಗುಣಗಳು ಮೂರಾದರೆ ಮಾಪನಗಳೂ ಮೂರು. ಅಳೆಯಬೇಕಾದುದು ಯಾವುದೆಂದು ಮೊದಲು ನಿಶ್ಚಯಿಸಿ, ಸಾಧನವನ್ನು ಆಮೇಲೆ ಆರಿಸಬೇಕೆಂಬುದು ವಿಜ್ಞಾನದ ನಿಯಮ.

ಮೆಣಸಿನಕಾಯಿಗೆ ಸಲ್ಲುವ ಈ ನ್ಯಾಯ ವಿದ್ಯಾರ್ಥಿಗೆ ಮಾತ್ರ ಸಲ್ಲಬಾರದೇಕೆ? ನಮ್ಮ ರಾಜ್ಯದ ಹತ್ತನೆಯ ತರಗತಿಯ ವಿಜ್ಞಾನ ವಿಷಯದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಎಂಬ ಹಂಚಿಕೆ ರೂಢಿಯಲ್ಲಿದೆ. ಲಿಖಿತ ಪರೀಕ್ಷೆಯನ್ನು ನಾವು ಹಳಿಯುವವರಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ; ಬರೆದವನು ಯಾರ ಮಗನೆಂಬುದು ಪರೀಕ್ಷಕನಿಗೆ ತಿಳಿಯದು. ಬಡವರ ಮಕ್ಕಳಿಗೆ ಇದು ಸಣ್ಣ ರಕ್ಷಣೆಯೇನಲ್ಲ.

ಆದರೂ ಅದರ ಮಿತಿಗಳನ್ನು ಮರೆಯಲಾಗದು. 1913ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ರೇಖಾಗಣಿತದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಉಪಾಧ್ಯಾಯರಿಂದ ತಿದ್ದಿಸಿದರು. ಒಬ್ಬರು 28 ಅಂಕ ಕೊಟ್ಟರೆ ಇನ್ನೊಬ್ಬರು 92 ಕೊಟ್ಟರು! ನಿರ್ದಿಷ್ಟ ಉತ್ತರದ ಪ್ರಶ್ನೆಗಳನ್ನು ಕೇಳಿದರೆ ಈ ದೋಷ ತಗ್ಗುವುದು ನಿಜ. ಆದರೆ ಆಗ ವಿದ್ಯಾರ್ಥಿಯ ವಿಚಾರಸರಣಿ ಕಣ್ಣಿಗೆ ಬೀಳುವುದಿಲ್ಲ. ಆಮ್ಲ-ಪ್ರತ್ಯಾಮ್ಲಗಳ ಪ್ರಯೋಗವನ್ನು ಕಂಠಪಾಠದಿಂದ ವರ್ಣಿಸಿದ ಹುಡುಗನು ಬ್ಯುರೆಟ್ಟನ್ನು ಕೈಯಲ್ಲಿ ಹಿಡಿದೇ ಇರದಿರಬಹುದು. ಕಾಗದವು ಅದನ್ನು ಹೇಳಲಾರದು.

ಬೇರೊಂದು ಪರೀಕ್ಷಾಕ್ರಮದ ನಿದರ್ಶನ ಕುಂದಗೋಳದಲ್ಲಿಯೇ ಇದೆ. 1930ರ ದಶಕದ ಕೊನೆಯ ವರ್ಷಗಳಲ್ಲಿ ಸವಾಯಿ ಗಂಧರ್ವರು ಆ ಊರಿನಲ್ಲಿ ಸಂಗೀತವನ್ನು ಕಲಿಸುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಬಳಿಯಲ್ಲಿಯೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಅಲ್ಲಿ ಪ್ರಶ್ನೆಪತ್ರಿಕೆಯಿರಲಿಲ್ಲ. ಶಿಷ್ಯರು ಹಾಡಬೇಕು, ಗುರು ಕೇಳಬೇಕು. ಒಂದು ಚಿಕ್ಕ ಸ್ವರಸಮೂಹವಾದರೂ ಸರಿಹೋಗುವವರೆಗೆ ಮತ್ತೆ ಮತ್ತೆ ಹಾಡಬೇಕು. ಪರೀಕ್ಷೆಯೂ ಪಾಠವೂ ಅಲ್ಲಿ ಒಂದೇ ಆಗಿದ್ದವು. ಗಾಯನವನ್ನು ಅರಿಯಲು ಗಾಯನವನ್ನೇ ಕೇಳುವುದಕ್ಕಿಂತ ಯುಕ್ತವಾದ ಮಾರ್ಗವುಂಟೇ? ಆದರೆ ಕೆಲವೇ ಶಿಷ್ಯರಿಗೆ ಒಪ್ಪುವ ಈ ಕ್ರಮವು ಲಕ್ಷಾಂತರ ವಿದ್ಯಾರ್ಥಿಗಳಿಗೆ ಹಾಗೆಯೇ ಒಪ್ಪಲಾರದು.

ಆದುದರಿಂದ ಎರಡನ್ನೂ ಕೂಡಿಸಬೇಕೆಂಬುದು ನಮ್ಮ ಅಭಿಪ್ರಾಯ. ವಿಷಯಜ್ಞಾನಕ್ಕೆ ಲಿಖಿತ ಪರೀಕ್ಷೆ ಇರಲಿ. ಕೈಚಳಕವನ್ನು ಪ್ರಯೋಗಶಾಲೆಯಲ್ಲಿ ನೋಡಲಿ; ತಿಳಿವಳಿಕೆಯ ಆಳವನ್ನು ಎದುರಿಗೆ ಕುಳ್ಳಿರಿಸಿ ಕೇಳಲಿ. ಆ 20 ಅಂಕಗಳು ಹುಟ್ಟಿದ್ದು ಇಂತಹ ಕಾರ್ಯಕ್ಕಾಗಿ. ಅವನ್ನು ಎಲ್ಲರಿಗೂ ಪ್ರಸಾದದಂತೆ ಹಂಚಿಬಿಟ್ಟರೆ ಅದು ಔದಾರ್ಯವೆನಿಸದು. ನಿಜವಾಗಿ ಪ್ರಯೋಗ ಮಾಡಿ ಕಲಿತವನಿಗೆ ಅನ್ಯಾಯವೆನಿಸುವುದು.

ವಿದ್ಯಾರ್ಥಿಮಿತ್ರರಿಗೂ ಒಂದು ಮಾತು. ಪರೀಕ್ಷೆಯು ಕಲಿಕೆಯನ್ನು ಅಳೆಯುವುದಷ್ಟೇ ಅಲ್ಲ, ಬೆಳೆಸುವುದೂ ಉಂಟು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದುನೋಡಿದವರು ಒಂದು ವಾರದ ಬಳಿಕ ಮುಂದಿದ್ದರು. ಆದುದರಿಂದ ಮಾರ್ಚಿಯವರೆಗೆ ಕಾಯದೆ ನಿಮ್ಮನ್ನು ನೀವೇ ಆಗಾಗ ಪರೀಕ್ಷಿಸಿಕೊಳ್ಳಿರಿ. ಅಂಕಪಟ್ಟಿ ಕೈಗೆ ಬಂದಾಗ, ಅದು ನಿಮ್ಮ ಒಂದು ಗುಣವನ್ನು ಒಂದು ದಿನ ತೂಗಿದ ತಕ್ಕಡಿಯೆಂಬುದನ್ನು ನೆನೆಯಿರಿ. ತೂಕವು ಸುಳ್ಳಲ್ಲ, ಆದರೆ ಬಣ್ಣವನ್ನು ತಕ್ಕಡಿಯು ಕಂಡಿಲ್ಲ.