ದೋಣಿ ಇದೆ, ಎಂಜಿನು ಸ್ಟಾರ್ಟ್ ಆದೀತೇ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿದೆ. ಬಾವಿಯನ್ನು ಮೊದಲೇ ತೋಡಿ, ಹಗ್ಗವನ್ನು ಗೆದ್ದಲಿಗೆ ಬಿಟ್ಟವರ ಬಗ್ಗೆ ಗಾದೆಯಿಲ್ಲ. ನೆರೆಗೆಂದು ತಂದಿಟ್ಟ ಯಂತ್ರದೋಣಿಗಳ ವಿಚಾರದಲ್ಲಿ ಅಂತಹ ಗಾದೆಯೂ ಒಂದಿರಬೇಕಿತ್ತು.

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ನಾಂದಣಿಯನ್ನು ಅಲ್ಲಿನ ಜೈನ ಮಠದಿಂದಾಗಿ ಓದುಗರಲ್ಲಿ ಹಲವರು ಬಲ್ಲರು. ಅದು ಶಿರೋಳ ತಾಲೂಕಿನ ಊರು. ನಮ್ಮಲ್ಲಿ ಮಲಯಾಳದ ನಡುವೆ ಇರುವಂತೆ ಅಲ್ಲಿ ಮರಾಠಿಯ ನಡುವೆ ಕನ್ನಡದ ಮನೆಗಳಿವೆ. ಪಂಚಗಂಗೆಯು ಕೃಷ್ಣೆಯನ್ನು ಸೇರುವುದು ಇದೇ ತಾಲೂಕಿನ ನರಸೋಬವಾಡಿಯಲ್ಲಿ. 2005, 2019 ಮತ್ತು 2021ರಲ್ಲಿ ಈ ತಾಲೂಕು ದೊಡ್ಡ ನೆರೆ ಕಂಡಿತು. ಅಂದರೆ ನೆರೆದೋಣಿಯ ಅಗತ್ಯ ಅಲ್ಲಿ ಹದಿನಾಲ್ಕು ವರ್ಷ ಬಾರದೆಯೂ ಇರಬಹುದು, ಎರಡೇ ವರ್ಷಕ್ಕೆ ಬರಲೂಬಹುದು. ಕಷ್ಟವಿರುವುದು ಇಲ್ಲಿಯೇ. ದಿನವೂ ಓಡುವ ಎಂಜಿನು ಕೆಡುವುದಕ್ಕಿಂತ ಸುಮ್ಮನೆ ಕುಳಿತ ಎಂಜಿನು ಬೇಗ ಕೆಡುತ್ತದೆ.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕಡಲ ಮಕ್ಕಳು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿ ಒಳನಾಡಿಗೆ ಒಯ್ದು ಸಾವಿರಾರು ಜೀವ ಉಳಿಸಿದರು. ಅವರ ಧೈರ್ಯವನ್ನು ಎಲ್ಲರೂ ಕೊಂಡಾಡಿದರು. ಆದರೆ ಅವರ ಎಂಜಿನುಗಳು ಹಗ್ಗ ಎಳೆದೊಡನೆ ಸ್ಟಾರ್ಟ್ ಆದದ್ದು ಅವು ಹಿಂದಿನ ವಾರವೂ ಕಡಲಿನಲ್ಲಿ ಓಡಿದ್ದರಿಂದ ಎಂಬುದನ್ನು ಗಮನಿಸಿದವರು ಕಡಿಮೆ. ಸರಕಾರಿ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದ ಎಂಜಿನಿಗೆ ಆ ಭಾಗ್ಯವಿಲ್ಲ.

ಅದು ಕೆಡುವ ಬಗೆಯನ್ನು ಮೆಕ್ಯಾನಿಕರು ಚೆನ್ನಾಗಿ ಬಲ್ಲರು. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ. ಕೂದಲೆಳೆಯಂತಹ ತೂತುಗಳು ಕಟ್ಟಿಹೋಗುತ್ತವೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ತನಕ ಎಥೆನಾಲು ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದರೆ ನೀರು ಬೇರ್ಪಟ್ಟು ಟಾಂಕಿಯ ಅಡಿ ಸೇರುತ್ತದೆ. ನೆರೆನೀರಿನ ಕೆಸರು ತಂಪುನೀರಿನ ಪಂಪಿನಲ್ಲಿ ಕುಳಿತು ಗಟ್ಟಿಯಾಗುತ್ತದೆ. ಇಲಿ ವಯರು ಕಡಿಯುತ್ತದೆ, ಕಣಜ ನೀರು ಹೊರಬರುವ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ.

ಪರಿಹಾರವೇನೂ ದುಬಾರಿಯದಲ್ಲ. ಕೆಲಸ ಮುಗಿದೊಡನೆ ಎಂಜಿನನ್ನು ಶುದ್ಧ ನೀರಿನ ಡ್ರಮ್ಮಿನಲ್ಲಿ ಇಳಿಸಿ ಕೆಲವು ನಿಮಿಷ ನಿಧಾನವಾಗಿ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರು ಸುಟ್ಟೀತು. ಬಳಿಕ ಪೆಟ್ರೋಲಿನ ಕೊಳವೆ ಕಳಚಿ ಕಾರ್ಬ್ಯುರೇಟರನ್ನು ಬರಿದು ಮಾಡಬೇಕು. ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲನೆ ಎಳೆಯಬೇಕು. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದು ತಿಳಿದು ಸೀಲನ್ನು ಬದಲಿಸತಕ್ಕದ್ದು. ಎಂಜಿನನ್ನು ನೆಲದಲ್ಲಿ ಮಲಗಿಸದೆ ಮರದ ಸ್ಟಾಂಡಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಹಳೆಯ ಪೆಟ್ರೋಲನ್ನು ಮುಂದಿನ ಮಳೆಗಾಲಕ್ಕೆಂದು ಕೂಡಿಡಬಾರದು. ಮೇ ತಿಂಗಳಲ್ಲಿ ಹೊಸ ಪೆಟ್ರೋಲು ಹಾಕಿ ಓಡಿಸಿ ನೋಡಿ, ಮಳೆಗಾಲ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ಡ್ರಮ್ಮಿನಲ್ಲಿ ಓಡಿಸುತ್ತಿರಬೇಕು.

ಇಷ್ಟನ್ನು ಮಾಡುವವರಾರು? ಪ್ರಶ್ನೆ ಇರುವುದು ಇಲ್ಲಿ. ದೋಣಿ ಕೊಳ್ಳುವ ದಿನ ಹಾರ, ಭಾಷಣ, ಫೋಟೋ ಎಲ್ಲವೂ ಇರುತ್ತವೆ. ಆದರೆ ಎಣ್ಣೆ ಬದಲಿಸುವ ದಿನಕ್ಕೆ ಹಾರ ಹಾಕುವವರಿಲ್ಲ. ಹತ್ತು ಮಂದಿಯ ಸೊತ್ತು ಯಾರ ಸೊತ್ತೂ ಅಲ್ಲದಂತಾಗುತ್ತದೆ. ಆದುದರಿಂದ ಪ್ರತಿ ದೋಣಿಗೂ ಒಬ್ಬ ಹೊಣೆಗಾರನನ್ನು ನೇಮಿಸಿ, ಅವನಿಗೆ ಅಲ್ಪ ಸಂಬಳ ಕೊಟ್ಟು, ಓಡಿಸಿದ ದಿನವನ್ನು ಬರೆದಿಡಲು ಒಂದು ಪುಸ್ತಕವನ್ನೂ ಕೊಡಬೇಕು. ಸಾಧ್ಯವಾದಲ್ಲಿ ಆತ ದೋಣಿಯನ್ನೇ ನಂಬಿ ಬದುಕುವವನಾಗಿರಲಿ.

ಇದು ಸಣ್ಣ ಮಾತೆಂದು ಯಾರೂ ತಳ್ಳಿಹಾಕಬಾರದು. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹೊರಟವರ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ದೋಣಿ ತಾಳಲಾರದಷ್ಟು ಜನ ಅದರಲ್ಲಿದ್ದರು. ಒಂದು ಊರಿಗೆ ಎರಡು ದೋಣಿಗಳಿದ್ದು, ಒಂದರ ಎಂಜಿನು ಕೈಕೊಟ್ಟರೆ ಜನರೆಲ್ಲ ಇನ್ನೊಂದಕ್ಕೇ ಮುಗಿಬೀಳುವುದು ಸಹಜ. ಆಗ ಕೆಟ್ಟ ಎಂಜಿನು ಓಡುವ ದೋಣಿಯನ್ನೂ ಮುಳುಗಿಸೀತು.

ಇನ್ನೊಂದು ಮಾತು. ಎಂಜಿನಿನೊಡನೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಅದು ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಮೇಲೆ ಹೇಳಿದ ಏಳೆಂಟು ಸಂಗತಿಗಳನ್ನು ದೋಣಿಶಾಲೆಯ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಸಲಿ; ಶಿರೋಳದಲ್ಲಿ ಮರಾಠಿಯ ಜೊತೆ ಕನ್ನಡದಲ್ಲೂ, ಇಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ನಡುರಾತ್ರಿ ನೀರು ಏರುವಾಗ ಹಗ್ಗ ಎಳೆಯುವ ಕೈ ಯಾವ ಮನೆಯದೆಂದು ಮೊದಲೇ ಹೇಳಲು ಬಾರದು. ಆ ಕೈಗೆ ತಿಳಿಯುವ ಭಾಷೆಯಲ್ಲಿ ಬರೆಯುವುದು ಯಾರಿಗೂ ತೋರುವ ಔದಾರ್ಯವಲ್ಲ, ಜೀವರಕ್ಷಣೆಯ ಕೆಲಸ.

ಚಂದ್ರಗಿರಿ, ಶಿರಿಯ ಹೊಳೆಗಳ ದಡದ ನಮ್ಮ ಪಂಚಾಯತುಗಳಿಗೂ ಈ ಮಾತು ಅನ್ವಯಿಸುತ್ತದೆ. ತಮ್ಮ ಸುಪರ್ದಿಯ ಎಂಜಿನು ಕಳೆದ ಸಲ ಓಡಿದ ದಿನ ಯಾವುದೆಂದು ಸದಸ್ಯರು ಮುಂದಿನ ಸಭೆಯಲ್ಲಿ ಕೇಳಲಿ. ಉತ್ತರ ಹೇಳಬಲ್ಲವರು ಅಲ್ಲಿ ಯಾರೂ ಇಲ್ಲದಿದ್ದರೆ ಆ ಎಂಜಿನು ಕೆಟ್ಟಿದೆಯೆಂದೇ ತಿಳಿದು ಮರುದಿನವೇ ಮೆಕ್ಯಾನಿಕನನ್ನು ಕರೆಸುವುದು ಲೇಸು.