ಅವಳಿ ಮರಿಗಳ ಲೆಕ್ಕ: ಫಲಟಣದ ಕುರಿ ಮತ್ತು ವಂಶವಾಹಿ ವಿಜ್ಞಾನ

ಪುಣೆಯಿಂದ ಜೇಜುರಿ, ಲೋಣಂದ ಮಾರ್ಗವಾಗಿ ಫಲಟಣಕ್ಕೆ ಸಾಗುವ ಸೀಮೆ ದಖ್ಖನಿ ಕುರಿಗಳ ನಾಡು. ಉತ್ತರ ಕರ್ನಾಟಕದ ಕುರುಬರ ಕಂಬಳಿಗೂ ಉಣ್ಣೆಯಿತ್ತ ತಳಿಯಿದು. ಬರವನ್ನೂ ದೂರದ ನಡಿಗೆಯನ್ನೂ ತಾಳಬಲ್ಲ ಈ ಕುರಿ ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುತ್ತದೆ. ಉಣ್ಣೆಯ ಬೆಲೆ ಕುಸಿದು ಮಾಂಸವೇ ಮುಖ್ಯ ಆದಾಯವಾದ ಮೇಲೆ ಆ ಒಂದು ಮರಿ ಕುರಿಗಾರನ ಸಂಸಾರಕ್ಕೆ ಸಾಲದಾಯಿತು.

1968ರಲ್ಲಿ ಸ್ಥಾಪನೆಯಾದ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಇದಕ್ಕೆ ಪರಿಹಾರ ಕಂಡದ್ದು ಬಂಗಾಳದ ಸುಂದರಬನದ ಗರೋಲ್ ಕುರಿಯಲ್ಲಿ. ಗಾತ್ರದಲ್ಲಿ ಬಲು ಚಿಕ್ಕದಾದರೂ ಅದು ಅವಳಿ, ಕೆಲವೊಮ್ಮೆ ತ್ರಿವಳಿ ಮರಿಗಳನ್ನು ಹಾಕುತ್ತದೆ. ಇದಕ್ಕೆ ಕಾರಣವಾದ 'ಫೆಕ್-ಬಿ' ಎಂಬ ವಂಶವಾಹಿ ಆಸ್ಟ್ರೇಲಿಯದ ಬೂರೂಲಾ ಮೆರಿನೋ ಕುರಿಗಳಲ್ಲಿಯೂ ಇದೆ; 18ನೆಯ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಅಲ್ಲಿಗೆ ಹೋದ ಕುರಿಗಳೇ ಅದರ ಮೂಲವೆಂದು ಭಾವಿಸಲಾಗಿದೆ. ಈ ಒಂದು ಗುಣವನ್ನಷ್ಟೇ ಪಡೆದು, ದಖ್ಖನಿಯ ಮೈಕಟ್ಟನ್ನು ಉಳಿಸಿಕೊಳ್ಳಲು ಹಲವು ತಲೆಮಾರುಗಳ ಸಂಕರ ಅಗತ್ಯವಾಗಿತ್ತು.

ತೊಡಕಿದ್ದದ್ದು ಆಯ್ಕೆಯಲ್ಲಿ. ಟಗರು ಮರಿ ಹಾಕುವುದಿಲ್ಲ; ಅದರಲ್ಲಿ ಈ ಗುಣವಿದೆಯೇ ಎಂದು ತಿಳಿಯಲು ಅದರ ಹೆಣ್ಣುಮರಿಗಳು ಬೆಳೆದು ಈಯುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. 2001ರಲ್ಲಿ ವಿಜ್ಞಾನಿಗಳು ಕುರಿಯ 6ನೆಯ ವರ್ಣತಂತುವಿನಲ್ಲಿ ಇದಕ್ಕೆ ಕಾರಣವಾದ ಒಂದೇ ಅಕ್ಷರದ ವ್ಯತ್ಯಾಸವನ್ನು ಗುರುತಿಸಿದರು. ಆ ಬಳಿಕ ತುಸು ರಕ್ತದ ಪರೀಕ್ಷೆಯಿಂದಲೇ ಎಳೆಯ ಟಗರಿನ ಗುಣವನ್ನು ಅರಿಯುವುದು ಸಾಧ್ಯವಾಯಿತು. ಈ ಕಾರ್ಯದಲ್ಲಿ ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವೂ ಕೈಜೋಡಿಸಿತು. 'ನಾರಿ ಸುವರ್ಣ' ಕುರಿ ಇಂತಹ ಪರಿಶ್ರಮದ ಫಲ. ಕರ್ನಾಟಕದ ಸಾಕಣೆದಾರರೂ ಇದನ್ನು ಕೊಂಡೊಯ್ದಿದ್ದಾರೆ.

ಆದರೆ ಮರಿ ಎರಡಾದ ಮಾತ್ರಕ್ಕೆ ಆದಾಯ ಎರಡರಷ್ಟಾಗದು. ಅವಳಿ ಮರಿಗಳು ಹುಟ್ಟುವಾಗ ತೂಕದಲ್ಲಿ ಕಡಿಮೆ. ತಾಯಿಯ ಹಾಲನ್ನು ಹಂಚಿಕೊಳ್ಳಬೇಕು. ಗಬ್ಬದ ಕೊನೆಯ ವಾರಗಳಲ್ಲಿ ತಾಯಿಗೆ ಹೆಚ್ಚಿನ ಮೇವು, ಹಿಂಡಿ ಬೇಕು. ಬೇಸಿಗೆಯಲ್ಲಿ ಹುಲ್ಲು ಅರಸಿ ಅಲೆಯುವ ಕುರಿಗಾರನಿಗೆ ಇದು ಸುಲಭವಲ್ಲ. ಪರೀಕ್ಷೆ ಹೇಳುವುದು ಮರಿ ಹುಟ್ಟುವ ಸಾಧ್ಯತೆಯನ್ನು, ಬದುಕುವ ಭರವಸೆಯನ್ನಲ್ಲ.

ಮೂರು ದಶಕ ಬ್ಯಾಂಕಿನಲ್ಲಿ ದುಡಿದ ನನಗೆ ಇಲ್ಲಿ ಸಾಲದ ಸ್ವರೂಪವೇ ಮುಖ್ಯವೆನಿಸುತ್ತದೆ. ಕುರಿ ಕೊಳ್ಳಲಷ್ಟೇ ಹಣ ಕೊಟ್ಟು, ಮೇವು, ಲಸಿಕೆ, ಮರಿಗಳ ಪಾಲನೆಗೆ ಕೊಡದಿದ್ದರೆ ಮರಿ ಸತ್ತ ಮೇಲೂ ಕಂತು ಉಳಿಯುತ್ತದೆ. ಪ್ರಯೋಗಾಲಯ ಉಳಿಸಿದ ವರ್ಷಗಳ ಲಾಭ ಕುರಿಗಾರನಿಗೆ ದೊರೆಯಬೇಕಾದರೆ, ಎರಡನೆಯ ಮರಿಯ ಹೊಟ್ಟೆಯ ಲೆಕ್ಕವೂ ಸಾಲದ ಅರ್ಜಿಯಲ್ಲಿ ಸೇರಬೇಕು.